ಬೆನ್ನಿಗೆ ಲಾಡಿ ಕಟ್ಟಿದ ಕರಿಕೋಟು

ನಾನು ಒಂದು ಕೋಟು. ಕರಿ ಸರ್ಜ್ ಬಟ್ಟೆಯ, ನಾಲ್ಕು ಗುಂಡಿಯ, ಅಗಲ ಕಾಲರಿನ ಕೋಟು. ಬೇರೆಯವರು ತಮ್ಮ ಕಥೆಯನ್ನು ನಿಧಾನವಾಗಿ, ಉಸಿರು ತೆಗೆದುಕೊಂಡು ಹೇಳುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ. ನನ್ನ ಆಯುಷ್ಯವೆಲ್ಲ ಸಣ್ಣ ಸಣ್ಣ ತುಂಡುಗಳಲ್ಲಿ ಕಳೆದುಹೋಗಿದೆ. ಒಬ್ಬ ಬರುತ್ತಿದ್ದ, ತೊಡುತ್ತಿದ್ದ, ಕೂರುತ್ತಿದ್ದ, ಉಸಿರು ಬಿಗಿಹಿಡಿಯುತ್ತಿದ್ದ, ಎದ್ದು ಕಳಚಿ ಕೊಡುತ್ತಿದ್ದ. ಅವನ ಮೈಬಿಸಿ ಆರುವ ಮೊದಲೇ ಇನ್ನೊಬ್ಬ ತೋಳು ತೂರಿಸುತ್ತಿದ್ದ. ಹಾಗೆ ಬಾಳಿದವರಿಗೆ ಕೂತಲ್ಲಿ ಕೂರುವುದು ಬರುವುದಿಲ್ಲ. ನಾನು ಚಡಪಡಿಸುತ್ತ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಮೆಹಬೂಬಸಾಬರ ದರ್ಜಿ ಅಂಗಡಿಯಲ್ಲಿ. ಅಳತೆ ಕೊಟ್ಟವರು ಒಬ್ಬ ವಕೀಲರು. ಅಳತೆ ಕೊಟ್ಟು ಅವರು ಬೇರೆ ಊರಿನ ಕೋರ್ಟಿಗೆ ಹೋದರು, ವರ್ಷ ಕಳೆದು ಬಂದರು. ನನ್ನನ್ನು ಏರಿಸಲು ನೋಡಿದರೆ ಮೇಲಿನ ಗುಂಡಿಯೂ ಸೇರಲಿಲ್ಲ. "ಇದು ನನ್ನ ಅಳತಿ ಅಲ್ಲ" ಎಂದು ಸಿಟ್ಟಾದರು.

"ಅಳತಿ ನಿಮ್ಮದ ರೀ ಸಾಹೇಬ್ರ, ಹೊಟ್ಟಿ ಅಷ್ಟ ಹೊಸಾದು" ಎಂದರು ಮೆಹಬೂಬಸಾಬರು.

ವಕೀಲರು ದುರುದುರು ನೋಡಿ ಹೊರಟೇ ಹೋದರು. ಹೀಗೆ ಯಾರಿಗಾಗಿ ಹುಟ್ಟಿದೆನೋ ಅವರ ಮೈಮೇಲೆ ನಾನು ಒಂದು ಗಳಿಗೆಯೂ ಇರಲಿಲ್ಲ. ಅಂಗಡಿಯ ಗೂಟಕ್ಕೆ ಜೋತು ಬಿದ್ದು, ಬಂದವರ ಹೆಗಲನ್ನೆಲ್ಲ ಆಸೆಯಿಂದ ನೋಡುತ್ತಿದ್ದೆ. ಕೊನೆಗೆ ಗದಗಿನ ಮೋನಪ್ಪ ಚಿತ್ರಗಾರ ಬಂದು ನನ್ನನ್ನು ಕೊಂಡ. ಅಂತೂ ಒಬ್ಬ ಯಜಮಾನ ಸಿಕ್ಕನಲ್ಲ ಎಂದು ನಾನು ಹಿಗ್ಗಿದೆ. ಪಾಪ, ನನಗೇನು ಗೊತ್ತು!

ಮೋನಪ್ಪನದು ಪ್ರಭಾ ಫೋಟೋ ಸ್ಟುಡಿಯೋ. ಅವನ ಹಿರಿಯರು ಗುಡಿಯ ಗೋಡೆಗೆ ಚಿತ್ರ ಬರೆದವರು. ಇವನು ಕುಂಚವನ್ನೂ ಬಿಡದೆ ಕ್ಯಾಮೆರಾ ಹಿಡಿದಿದ್ದ. ಮನೆಗೆ ತಂದ ದಿನವೇ ಅವನು ನನ್ನನ್ನು ಮೇಜಿನ ಮೇಲೆ ಬೋರಲು ಹಾಕಿ, ಬೆನ್ನಿಗೆ ಕತ್ತರಿ ಇಟ್ಟು, ಕಾಲರಿನ ಕೆಳಗಿನಿಂದ ಅಂಚಿನವರೆಗೆ ಸೀಳಿದ! ಆ ಸೀಳಿನ ಎರಡು ಕಡೆಗೂ ಲಾಡಿ ಹೊಲಿಸಿದ. ದಪ್ಪಗಿನವ ಬಂದರೆ ಲಾಡಿ ಸಡಿಲ, ಸಣಕಲ ಬಂದರೆ ಲಾಡಿ ಬಿಗಿ. ಮುಂದಿನಿಂದ ನೋಡಿದರೆ ಸಾಹೇಬ, ಹಿಂದಿನಿಂದ ನೋಡಿದರೆ ಬಟಾಬಯಲು. ಕ್ಯಾಮೆರಾ ಬೆನ್ನನ್ನು ನೋಡುವುದಿಲ್ಲವಲ್ಲ! ನನಗೆ ಮಾತ್ರ ಅವತ್ತಿನಿಂದ ಬೆನ್ನಿಗೆ ಸದಾ ಗಾಳಿ ಹೊಡೆದಂತಿರುತ್ತದೆ. ನನ್ನ ಚಡಪಡಿಕೆಗೆ ಅದೂ ಒಂದು ಕಾರಣವಿರಬಹುದು.

ಆಮೇಲೆ ಬಂದವರನ್ನು ನಾನು ಎಣಿಸಲಿಲ್ಲ. ಹೆಣ್ಣಿನ ಮನೆಗೆ ಫೋಟೋ ಕಳಿಸಬೇಕಾದ ವರಮಹಾಶಯರು, ಹತ್ತಿ ಗಿರಣಿಯ ಹಮಾಲರು, ಬೆಟಗೇರಿಯ ನೇಕಾರರು, ಒಬ್ಬ ಪೈಲ್ವಾನ. ಆ ಪೈಲ್ವಾನ ಉಸಿರೆಳೆದ ರಭಸಕ್ಕೆ ನನ್ನ ಬಗಲೇ ಹರಿಯಿತು. ಬಹಳ ಮಂದಿಗೆ ಜೀವಮಾನದಲ್ಲಿ ತೆಗೆಸಿಕೊಂಡ ಫೋಟೋ ಅದೊಂದೇ. ಮುಗಿದ ಮೇಲೆ ಕೆಲವರು ನನ್ನನ್ನು ಬಿಚ್ಚಲು ಒಲ್ಲರು. ಕನ್ನಡಿಯ ಮುಂದೆ ಇನ್ನೊಮ್ಮೆ ನಿಂತು, ಗುಂಡಿ ಸವರಿ, ಆಮೇಲೆ ಕೊಡುತ್ತಿದ್ದರು. ಗದಗ-ಬೆಟಗೇರಿಯ ಎಷ್ಟು ಮನೆಗಳ ಗೋಡೆಯ ಮೇಲೆ ನಾನು ಕೂತಿದ್ದೇನೋ ದೇವರೇ ಬಲ್ಲ. ಪ್ರತಿ ಮನೆಯಲ್ಲಿಯೂ ನಾನು ಅಜ್ಜನ ಕೋಟು.

ಅವರಲ್ಲಿ ಒಬ್ಬರನ್ನು ಮಾತ್ರ ನಾನು ಮರೆತಿಲ್ಲ. ಹೆಸರು ಗುರುಸಿದ್ದವ್ವ.

ಅವಳು ಬಂದದ್ದು ಸ್ವಾತಂತ್ರ್ಯ ಬಂದ ಹೊಸದರಲ್ಲಿ. ಇಪ್ಪತ್ತೈದರ ಸುಮಾರಿನ ಹೆಂಗಸು, ಬರಿ ಹಣೆ, ಬರಿಗೈ. ಗಂಡ ಸತ್ತ ಮೇಲೆ ಹಳ್ಳಿ ಬಿಟ್ಟು, ಮಗಳನ್ನು ಕರೆದುಕೊಂಡು ಬೆಟಗೇರಿಗೆ ಬಂದು, ನೇಕಾರರ ಮನೆಯಲ್ಲಿ ನೂಲು ಸುತ್ತಿ ಹೊಟ್ಟೆ ಹೊರೆಯುತ್ತಿದ್ದವಳು. ಜೊತೆಗೆ ಅವಳ ಮೈದುನ ಬಸಲಿಂಗ ಇದ್ದ.

"ಅಣ್ಣಾರ, ನನ್ನ ಗಂಡಂದೊಂದು ಫೋಟೋ ಆಗಬೇಕಾಗೇತ್ರಿ" ಎಂದಳು.

"ಆಗಲೆವ್ವಾ. ಎಲ್ಲದಾರ? ಒಳಗ ಕರಿ."

"ಸತ್ತು ಮೂರು ವರ್ಷಾತ್ರಿ."

ಮೋನಪ್ಪ ಬೆಚ್ಚಲಿಲ್ಲ. ಅಂಥದೂ ಅವನ ಕಸುಬಿನಲ್ಲಿ ಇತ್ತು. ಫೋಟೋ ಇಲ್ಲದೆ ಸತ್ತವರ ಮನೆಯವರು ಬಂದರೆ, ಅವರದೇ ರಕ್ತದ, ಅದೇ ಮೈಕಟ್ಟಿನ ಒಬ್ಬನನ್ನು ಕೂಡಿಸಿ ಫೋಟೋ ತೆಗೆಯುತ್ತಿದ್ದ. ಆಮೇಲೆ ಮನೆಯವರು ಹೇಳಿದಂತೆ ಮೂಗು, ಹುಬ್ಬು, ಮೀಸೆಯನ್ನು ಅಚ್ಚು ಹಾಕಿದ ಕಾಗದದ ಮೇಲೆ ಸಣ್ಣ ಕುಂಚದಿಂದ ತಿದ್ದುತ್ತಿದ್ದ. ಗುರುಸಿದ್ದವ್ವ ಅದನ್ನು ಕೇಳಿ ತಿಳಿದುಕೊಂಡೇ ಮೈದುನನನ್ನು ಕರೆತಂದಿದ್ದಳು. ಅವನಿಗೆ ಮಾತ್ರ ವಿಷಯ ಹೇಳಿರಲಿಲ್ಲ. ಬಸಲಿಂಗ ತನ್ನದೇ ಫೋಟೋ ಎಂದುಕೊಂಡು, ಖುಷಿಯಿಂದ ನನ್ನೊಳಗೆ ತೋಳು ತೂರಿಸಿ ಕೂತ.

"ಅವ್ವಾ, ಸತ್ತವರ ಮೂಗು ಹಿಂಗ ಇತ್ತೇನು?" ಎಂದು ಮೋನಪ್ಪ ಕೇಳಿದ್ದೇ ತಡ, ಬಸಲಿಂಗನಿಗೆ ಎಲ್ಲ ತಿಳಿಯಿತು. ಮೈಮೇಲೆ ಕೆಂಡ ಬಿದ್ದವರಂತೆ ನನ್ನನ್ನು ಕಿತ್ತು ಒಗೆದ.

"ಸತ್ತವನ ಸಲುವಾಗಿ ನಾ ಕುಂದ್ರೂದಿಲ್ಲ! ಆಯುಷ್ಯ ಕಡಿಮಿ ಆಗ್ತೇತಿ. ನನ್ನ ಹೆಂಡ್ತಿ ಮಕ್ಕಳ ಗತಿ ಏನು?" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದವನು ತಿರುಗಿ ನೋಡಲಿಲ್ಲ. ಮುಂದೆ ಅವನು ಸೊಲ್ಲಾಪುರದ ಗಿರಣಿಗೆ ಹೋಗಿ ಅಲ್ಲಿಯೇ ಉಳಿದನಂತೆ.

ಗುರುಸಿದ್ದವ್ವ ನೆಲದ ಮೇಲಿದ್ದ ನನ್ನನ್ನು ಎತ್ತಿ, ಧೂಳು ಜಾಡಿಸಿದಳು. ಕೊಟ್ಟು ಹೋಗುತ್ತಾಳೆ ಎಂದುಕೊಂಡೆ. ಕೊಡಲಿಲ್ಲ.

"ನನ್ನ ಮಗಳು ಸಾಲಿಗೆ ಹೊಂಟಾಳ್ರಿ ಅಣ್ಣಾರ. ನಿಮ್ಮಪ್ಪ ಹೆಂಗಿದ್ದ ಅಂತ ಹುಡುಗ್ಯಾರು ಕೇಳ್ತಾರ. ಈಕಿ ಒಂದಿನ ಭಾಳ ಎತ್ತರಿದ್ದ ಅಂತಾಳ, ಒಂದಿನ ಕುದರಿ ಮ್ಯಾಲ ಬರತಿದ್ದ ಅಂತಾಳ. ದಿನಾ ಒಂದೊಂದು ಅಪ್ಪ! ಸುಳ್ಳಬುರುಕಿ ಅಂತ ಹೆಸರಿಟ್ಟಾರ್ರಿ. ರಾತ್ರಿ ನನ್ನ ಕೇಳ್ತಾಳ, ಖರೇ ಅಪ್ಪ ಹೆಂಗಿದ್ದಬೇ ಅಂತ. ಬಾಯಿಲೆ ಎಷ್ಟಂತ ಹೇಳ್ಲಿ?" ಎಂದಳು. ಆಮೇಲೆ ನನ್ನನ್ನು ಎದೆಗೆ ಹಿಡಿದು, "ನಾನ ಕುಂದರ್ತೀನ್ರಿ" ಎಂದಳು.

ಮೋನಪ್ಪ ಬಾಗಿಲ ಕಡೆ ನೋಡಿದ. "ಜನ ಏನಂದಾರವ್ವಾ?"

"ಜನಕ್ಕ ಹೇಳಾವ್ರು ಯಾರು? ಈ ಊರಾಗ ಅವನ್ನ ಕಂಡಾವ್ರಿಲ್ಲ. ನೀವೇನು ಡಂಗುರ ಹೊಡಸ್ತೀರೇನು?"

ಮೋನಪ್ಪ ಹೋಗಿ ಬಾಗಿಲು ಹಾಕಿ ಬಂದ. ಸ್ಟುಡಿಯೋದ ಪಟಗವನ್ನು ಅವಳ ತಲೆಗೆ ಕೂದಲು ಕಾಣದಂತೆ ತಾನೇ ಸುತ್ತಿದ. ಲಾಡಿ ಬಿಗಿದ. ಅವಳ ಮೈಯಲ್ಲಿ ನೂಲಿನ ಗಂಜಿಯ ವಾಸನೆ ಇತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ನನ್ನ ಗುಂಡಿಗಳೂ ಅಲುಗುತ್ತಿದ್ದವು. ಅಷ್ಟು ವರ್ಷ ಬಂದವರೆಲ್ಲ ತಾವು ದೊಡ್ಡವರಾಗಿ ಕಾಣಬೇಕೆಂದು ನನ್ನನ್ನು ತೊಟ್ಟಿದ್ದರು. ತಾನು ಕಾಣಬಾರದೆಂದು ತೊಟ್ಟವಳು ಇವಳೊಬ್ಬಳೇ. ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಅಲುಗಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

"ಮೀಸಿ ಹೆಂಗಿತ್ತವ್ವಾ?" ಎಂದು ಮೋನಪ್ಪ ಕೊನೆಗೆ ಕೇಳಿದ.

ಅವಳು ಮೊದಲ ಸಲ ನಕ್ಕಳು. "ತುದಿ ಜೋತು ಬಿದ್ದಿತ್ರಿ. ತೀಡಿ ತೀಡಿ ಮ್ಯಾಲ ಎತ್ತತಿದ್ದ, ಅದು ಮತ್ತ ಬೀಳತಿತ್ತು. ಅದಕ್ಕ ಸಿಟ್ಟಾಗತಿದ್ದ."

ಮೋನಪ್ಪ ಹಾಗೆಯೇ ಬರೆದ. ಗಾಜಿನ ನೆಗೆಟಿವನ್ನು ಮುಟ್ಟದೆ, ಅಚ್ಚಿನ ಮೇಲೆ ಮಾತ್ರ ಮೀಸೆ ಏರಿಸಿ, ಕಿವಿಯ ಮೇಲ್ಭಾಗದ ಬುಗುಡಿ ತೂತನ್ನು ಬಣ್ಣದಿಂದ ಮುಚ್ಚಿ, ರಟ್ಟಿಗೆ ಅಂಟಿಸಿ, ಹಿಂದೆ ಸ್ಟುಡಿಯೋದ ಮೊಹರು ಮತ್ತು ನಂಬರು ಹಾಕಿ ಕೊಟ್ಟ. ಗುರುಸಿದ್ದವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಮೋನಪ್ಪ ಸಾಯುವವರೆಗೂ ಈ ಮಾತನ್ನು ಹೆಂಡತಿಗೂ ಹೇಳಲಿಲ್ಲ. ಉಳಿದವನು ನಾನು. ಗೊತ್ತಿದ್ದೂ ಹೇಳಲಾಗದವನ ಸಂಕಟ ನಿಮಗೇನು ಗೊತ್ತು!

ಕಾಲ ಸರಿಯಿತು. ಮೋನಪ್ಪ ಹೋದ. ಬಣ್ಣದ ಫೋಟೋ ಬಂತು, ಜನ ತಮ್ಮ ತಮ್ಮ ಶರ್ಟಿನಲ್ಲಿಯೇ ಬಂದರು. ಅವನ ಮಗ ನನ್ನನ್ನು ಟ್ರಂಕಿಗೆ ಹಾಕಿ ನುಸಿಗುಳಿಗೆ ಇಟ್ಟ. ಇಲಿಗಳು ಬಂದು ಬಲಗಡೆಯ ಜೇಬು ತಿಂದವು. ಜೀವಮಾನವೆಲ್ಲ ಒಬ್ಬರ ಮೈಯಿಂದ ಒಬ್ಬರ ಮೈಗೆ ಹಾರಿದವನಿಗೆ ಆ ಕತ್ತಲೆ ಎಂಥ ಶಿಕ್ಷೆ ಹೇಳಿ! ಯಾರಾದರೂ ತೆಗೆಯಿರೋ, ಕಸಕ್ಕಾದರೂ ಎಸೆಯಿರೋ ಎಂದು ಒಳಗೇ ಒದ್ದಾಡಿದೆ.

ಟ್ರಂಕು ತೆರೆದವನು ಮೋನಪ್ಪನ ಮೊಮ್ಮಗ ಮೌನೇಶ. ಸ್ಟುಡಿಯೋದಲ್ಲಿ ಈಗ ಅವನು ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್, ಹುಟ್ಟುಹಬ್ಬದ ಬ್ಯಾನರು ಮಾಡುತ್ತಿದ್ದ. ಅವನ ಪಕ್ಕದಲ್ಲಿ ಐವತ್ತು ಮುಟ್ಟಿದ, ಕನ್ನಡಕದ ಹೆಂಗಸು ನಿಂತಿದ್ದಳು. ಅವಳ ಕೈಯಲ್ಲಿ ಒಂದು ಹಳೆಯ ಫೋಟೋ, ಅದರ ಹಿಂದೆ ನಮ್ಮ ಸ್ಟುಡಿಯೋದ ಮೊಹರು. ನೋಡಿದ ಕೂಡಲೇ ನನ್ನ ಎಳೆ ಎಳೆಯೂ ಜುಮ್ಮೆಂದಿತು. ಅದರಲ್ಲಿ ನಾನಿದ್ದೆ, ನನ್ನೊಳಗೆ ಗುರುಸಿದ್ದವ್ವ ಇದ್ದಳು.

ಆ ಹೆಂಗಸು ಮಂದಾಕಿನಿ, ಗುರುಸಿದ್ದವ್ವನ ಮೊಮ್ಮಗಳು. ಬೆಟಗೇರಿಯ ಹೈಸ್ಕೂಲಿನಲ್ಲಿ ಟೀಚರು. ಬರೆಯುವ ಹುಚ್ಚಿನವಳು. ಮೊದಲು ಒಂದು ಐತಿಹಾಸಿಕ ಕಾದಂಬರಿ ಬರೆದಿದ್ದಳಂತೆ. ಅದರಲ್ಲಿ ಬ್ರಿಟಿಷರ ಕಾಲದ ಹೆಂಗಸೊಬ್ಬಳು ಬಾವಿಗೆ ಹೋಗಿ ಪ್ಲಾಸ್ಟಿಕ್ ಕೊಡದಲ್ಲಿ ನೀರು ತರುತ್ತಾಳೆ! ಪುಸ್ತಕ ಬಿಡುಗಡೆಯ ದಿನ ಸಭೆಯಲ್ಲಿಯೇ ಒಬ್ಬರು ಎದ್ದು ನಿಂತು, "ಆ ಕೊಡ ಯಾವ ಅಂಗಡ್ಯಾಗ ತಂದ್ಲುರಿ ಮೇಡಮ್?" ಎಂದು ಕೇಳಿದರಂತೆ. ಅವತ್ತಿನಿಂದ ಮಂದಾಕಿನಿಗೆ ನಿದ್ದೆ ಕಡಿಮೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಜಪದಂತೆ ಹೇಳುತ್ತ, ಕಂಡಕಂಡಲ್ಲಿ ಅಲೆದು, ಕಂಡಕಂಡವರನ್ನು ಪೀಡಿಸಿ, ಪ್ರತಿಯೊಂದನ್ನೂ ಪರೀಕ್ಷೆ ಮಾಡುತ್ತಿದ್ದಳು. ನನ್ನಂಥದೇ ಜೀವ ಅದು, ಕೂತಲ್ಲಿ ಕೂರದು.

ಈಗ ಅವಳು ತನ್ನ ತಾಯಿ ದಾಕ್ಷಾಯಿಣಿಯ ಬಾಳಿನ ಕಥೆ ಬರೆಯುತ್ತಿದ್ದಳು. ದಾಕ್ಷಾಯಿಣಿ ಎಂದರೆ, ಹಿಂದೆ ಶಾಲೆಯಲ್ಲಿ ದಿನಕ್ಕೊಂದು ಅಪ್ಪನನ್ನು ಕಟ್ಟಿ ಹೇಳುತ್ತಿದ್ದ ಆ ಹುಡುಗಿ. ಈಗ ಎಪ್ಪತ್ತು ದಾಟಿದ ಮುದುಕಿ. ಅವಳ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರ ನರವೂ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಪ್ಪನ ಫೋಟೋವನ್ನು ಮುಖಪುಟಕ್ಕೆ ಹಾಕಿದ ಆ ಪುಸ್ತಕವನ್ನು ಕಣ್ಣಿರುವಾಗಲೇ ನೋಡಬೇಕು ಎಂಬುದು ಅವಳ ಹಟ. ಮಗಳಿಗೆ ಅದೇ ಅವಸರ.

"ಇದು ನಮ್ಮಜ್ಜನ ಕೋಟು ನಿಮ್ಮಲ್ಲಿ ಹೆಂಗ ಬಂತು?" ಎಂದು ಮಂದಾಕಿನಿ ನನ್ನನ್ನು ನೋಡಿ ಕೇಳಿದಳು.

ಮೌನೇಶ ನಕ್ಕ. "ನಿಮ್ಮಜ್ಜಂದ ಅಷ್ಟ ಅಲ್ರಿ ಟೀಚರ, ಊರಮಂದಿ ಅಜ್ಜಗೋಳ ಎಲ್ಲಾರದೂ ಇದ ಕೋಟು" ಎಂದು ನನ್ನನ್ನು ತಿರುಗಿಸಿ ಬೆನ್ನಿನ ಸೀಳು ತೋರಿಸಿದ.

ಮಂದಾಕಿನಿಯ ಮುಖ ಇಳಿಯಿತು. 'ನನ್ನ ಅಜ್ಜ ಕೋಟು ತೊಡುವಷ್ಟು ಸ್ಥಿತಿವಂತನಾಗಿದ್ದ' ಎಂದು ಒಂದು ಅಧ್ಯಾಯವನ್ನೇ ಬರೆದುಬಿಟ್ಟಿದ್ದಳಂತೆ. "ಅಯ್ಯೋ ಶಿವನ, ಮತ್ತ ಪ್ಲಾಸ್ಟಿಕ್ ಕೊಡ!" ಎಂದು ಹಣೆ ಬಡಿದುಕೊಂಡಳು. ಆದರೂ ಬಿಡಲಿಲ್ಲ. ಫೋಟೋದ ಹಿಂದೆ ನಂಬರು ಇದೆಯಲ್ಲ, ಗಾಜಿನ ನೆಗೆಟಿವು ಇದ್ದರೆ ದೊಡ್ಡದಾಗಿ ಅಚ್ಚು ಹಾಕಬಹುದು ಎಂದಳು. ಅಟ್ಟದ ಮೇಲೆ ಒಂದಿಷ್ಟು ಪೆಟ್ಟಿಗೆ ಉಳಿದಿದ್ದವು. ಬೇರೆ ಪೆಟ್ಟಿಗೆಗಳ ಗಾಜನ್ನೆಲ್ಲ ಮೌನೇಶನ ಅಪ್ಪ ಕೆರೆದು ತೊಳೆದು ದೇವರ ಪಟಗಳ ಚೌಕಟ್ಟಿಗೆ ಹಾಕಿಬಿಟ್ಟಿದ್ದ.

ಮಂದಾಕಿನಿ ಶಾಲೆ ಬಿಟ್ಟ ಕೂಡಲೇ ಬರುವುದು, ಧೂಳಿನಲ್ಲಿ ಕೂತು ಒಂದೊಂದೇ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿಯುವುದು, ಸೀನುವುದು, ಬೈದುಕೊಳ್ಳುವುದು. ನನ್ನನ್ನು ಪಕ್ಕದ ಕುರ್ಚಿಯ ಬೆನ್ನಿಗೆ ಹಾಕಿದ್ದರು. ಸಿಗದಿರಲಿ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು, ಬೇಗ ಸಿಗಲಿ ಎಂದು ಇನ್ನೊಂದು ಗಳಿಗೆ. ಕಡೆಗೆ ಒಂದು ದಿನ ಸಿಕ್ಕಿತು.

ಮೌನೇಶ ಗಾಜನ್ನು ಬೆಳಕಿನ ಹಲಗೆಯ ಮೇಲಿಟ್ಟು, ಕಂಪ್ಯೂಟರಿಗೆ ಇಳಿಸಿ, ಕಪ್ಪು ಬಿಳುಪು ತಿರುಗಿಸಿದ. ತೆರೆಯ ಮೇಲೆ ನಾನು ಮೂಡಿದೆ, ಪಟಗ ಮೂಡಿತು, ಮುಖ ಮೂಡಿತು. ಮೀಸೆ ಮೂಡಲಿಲ್ಲ.

"ನಿಮ್ಮಜ್ಜಗ ಮೀಸಿ ಇದ್ದಿಲ್ಲೇನ್ರಿ? ನಮ್ಮಜ್ಜ ಆಮೇಲೆ ಬರದಾನ ಕಾಣಸ್ತದ" ಎಂದ ಮೌನೇಶ. ಮುಖವನ್ನು ದೊಡ್ಡದು ಮಾಡಿದ. "ಏ, ಕಿವಿ ಮ್ಯಾಲ ತೂತು ಯಾಕದಾವು? ಹೆಣ್ಮಕ್ಕಳ ಬುಗುಡಿ ತೂತು ಇದ್ದಂಗದಾವಲ್ಲ!"

ಮಂದಾಕಿನಿ ಕುರ್ಚಿ ಹಿಡಿಯಲು ಹೋಗಿ ನನ್ನ ತೋಳನ್ನು ಹಿಡಿದಳು. ಅವಳು ಇಪ್ಪತ್ತು ದಾಟುವವರೆಗೂ ಅಜ್ಜಿಯ ಪಕ್ಕದಲ್ಲಿ ಮಲಗಿದವಳು. ಆ ಕೆಳತುಟಿ ಸ್ವಲ್ಪ ಮುಂದೆ ಬರುವುದನ್ನು ಅವಳು ಮರೆಯುವುದು ಹೇಗೆ?

"ಅಜ್ಜ ಅಲ್ಲ ಮೌನೇಶ. ಇಕಿ ನಮ್ಮಜ್ಜಿ" ಎಂದಳು.

ಮೌನೇಶ ಮೆಲ್ಲಗೆ ಹೇಳಿದ: "ನಿಮ್ಮವ್ವಾರ ಮುಂದ ಹೇಳಬ್ಯಾಡ್ರಿ ಟೀಚರ. ಕಣ್ಣು ಹೊಂಟಾವು. ಈಗ ಅಪ್ಪನ್ನೂ ಕಸಗೊಂಡ್ರ ಹೆಂಗ?"

"ಹೇಳದ ಹೆಂಗಿರ್ಲೊ? ನಮ್ಮಜ್ಜಿದು ಮನ್ಯಾಗ ಒಂದ ಒಂದು ಫೋಟೋ ಇಲ್ಲ. ಕ್ಯಾಮೆರಾ ಕಂಡ್ರ ಸಾಕು, ಸೆರಗು ಎಳಕೊಂಡು ಅಡಗಿಮನಿಗೆ ಹೋಗಿಬಿಡತಿದ್ಲು. ಅವ್ವನ ಮುಖ ಮರೀಲಿಕ್ಕೆ ಹತ್ತೇತಿ ಅಂತ ನಮ್ಮವ್ವ ದಿನಾ ಅಳತಾಳ. ಈಗ ಆ ಮುಖ ನನ್ನ ಕೈಯಾಗೇತಿ!"

ನಾನು ಅವತ್ತೇ ಅವಳ ಮನೆಗೆ ಬಂದೆ. ಮೌನೇಶ ಸಂತೋಷದಿಂದಲೇ ಕೊಟ್ಟ. ನನ್ನನ್ನು ನಡುಮನೆಯ ಗೂಟಕ್ಕೆ ಹಾಕಿದರು. ಎದುರು ಗೋಡೆಯಲ್ಲಿ ಆ ಫೋಟೋ. ದಾಕ್ಷಾಯಿಣಿ ಬೆಳಿಗ್ಗೆ ಎದ್ದು ಅದರ ಮುಂದೆ ನಿಂತು, ಉಳಿದಿರುವ ಕಣ್ಣನ್ನು ಹತ್ತಿರ ಒಯ್ದು, ಸಣ್ಣ ಕೊಳವೆಯೊಳಗಿಂದ ಇಣುಕುವವರಂತೆ ಮುಖವನ್ನು ಅತ್ತ ಇತ್ತ ಸರಿಸಿ ನೋಡಿ, "ಅಪ್ಪಾ, ಇನ್ನಾ ಕಾಣಸಾಕತ್ತಿ ನೋಡು" ಎನ್ನುತ್ತಿದ್ದಳು. ನನಗೆ ನಿಂತಲ್ಲಿಯೇ ಬೆವರು ಬರುತ್ತಿತ್ತು.

ಮಂದಾಕಿನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ನಾನು ಬಂದ ದಿನ ನನ್ನನ್ನು ತೋರಿಸಿ, "ಫೋಟೋದಾಗಿನ ಕೋಟು ಸಿಕ್ತಬೇ" ಎಂದಷ್ಟೇ ಹೇಳಿದಳು. ದಾಕ್ಷಾಯಿಣಿ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. "ನಮ್ಮಪ್ಪನ ಕೋಟು! ನಮ್ಮಪ್ಪನ ಕೋಟು!" ಎಂದು ಕೆನ್ನೆಗೆ ಒತ್ತಿಕೊಂಡಳು. ಅಲ್ಲ ತಾಯಿ, ನಿಮ್ಮಪ್ಪ ನನ್ನನ್ನು ಕಣ್ಣಿಂದಲೂ ನೋಡಿಲ್ಲ ಎಂದು ಕೂಗಬೇಕೆನಿಸಿತು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲೆ ದಿನಗಟ್ಟಲೆ ಮನೆಯಲ್ಲಿ ಅವಳ ಓಡಾಟವೇ ಓಡಾಟ. ಬರೆಯುವುದು, ಹರಿಯುವುದು, ಹೇಳಲೆಂದು ಬಂದು ಚಹಾ ಕೇಳಿ ಹೋಗುವುದು.

ಒಂದು ಮಧ್ಯಾಹ್ನ ದಾಕ್ಷಾಯಿಣಿಯೇ ಮಗಳನ್ನು ಕೂಡಿಸಿಕೊಂಡು, "ಬರಕೋ" ಎಂದಳು. "ನಮ್ಮವ್ವಂದು ಒಂದೂ ಫೋಟೋ ಇಲ್ಲ. ಕಣ್ಣು ಹೋದ್ರ ಹೋಗ್ಲಿ, ನನಗೇನು ಹೆದರಿಕಿ ಇಲ್ಲ. ಅವ್ವನ ಮುಖ ಒಮ್ಮಿ ನೋಡಿ ಹೋಗಿದ್ರ ಸಾಕಿತ್ತು. ಹಿಂಗ ಬರಿ."

ಮಂದಾಕಿನಿ ಎದ್ದಳು. ಕಪಾಟಿನಿಂದ ನೆಗೆಟಿವಿನ ದೊಡ್ಡ ಅಚ್ಚನ್ನು ತಂದು, ತಾಯಿಯ ಕೈಯಲ್ಲಿಟ್ಟಳು.

ದಾಕ್ಷಾಯಿಣಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಕೆಳಗಿನಿಂದ ಮೇಲಕ್ಕೆ ಸರಿಸಿದಳು. ಗುಂಡಿ. ಕಾಲರು.

"ಅಪ್ಪಂದೇನು, ದೊಡ್ಡದು ಮಾಡಸಿ ತಂದ್ಯಾ?" ಎಂದಳು. ಗದ್ದ ಬಂತು, ತುಟಿ ಬಂತು. ಕೈ ನಿಂತಿತು.

"ಅವ್ವ" ಎಂದಳು.

ಆ ಒಂದು ಮಾತನ್ನು ಅವಳು ಎಂಥ ಸಂತೋಷದಿಂದ ಅಂದಳು ಎಂದರೆ, ನನಗೆ ಎದೆಯಿಲ್ಲದಿದ್ದರೂ ಎದೆ ತುಂಬಿ ಬಂತು. ಕಣ್ಣು ಮೂಗು ಹುಬ್ಬು ಎಲ್ಲವನ್ನೂ ಬೆರಳಿನಿಂದ ಸವರಿದಳು. ಆಮೇಲೆ ಪಟಗ ಕಂಡಿತು. ಕೋಟು ನೆನಪಾಯಿತು. ತಲೆ ಎತ್ತಿ ಗೋಡೆಯ ಕಡೆ ನೋಡಿದಳು, ಮತ್ತೆ ಕೈಯಲ್ಲಿದ್ದುದನ್ನು ನೋಡಿದಳು.

"ಹಂಗಾದ್ರ ನಮ್ಮಪ್ಪ ಎಲ್ಲಿ?"

ಮಂದಾಕಿನಿ ತಾನು ಕಂಡದ್ದನ್ನೆಲ್ಲ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಮುದುಕಿಯ ಮುಖ ಕಲ್ಲಾಯಿತು. "ನಮ್ಮವ್ವ ನೂಲು ಸುತ್ತಿ ಸುತ್ತಿ ನನಗೊಬ್ಬ ಅಪ್ಪನ್ನ ಕೊಟ್ಟಿದ್ಲು. ನೀ ಸಾಲಿ ಕಲ್ತಾಕಿ, ಕಸಗೊಂಡಿ. ಹೋಗು ಅತ್ಲಾಗ, ಅದೇನು ಬರೀತಿ ಬರಕೊಂಡು ಸಾಯಿ!" ಎಂದು ಕೂಗಿ, ಫೋಟೋದ ಕಡೆಗೂ ನೋಡದೆ, ನನ್ನ ಕಡೆಗೂ ನೋಡದೆ ಒಳಗೆ ಹೋಗಿ ಮಲಗಿದಳು. ಆ ರಾತ್ರಿ ಒಲೆ ಹೊತ್ತಲಿಲ್ಲ. ಮರುದಿನವೂ ಮಾತಿಲ್ಲ. ಮಂದಾಕಿನಿ ತಾನು ಬರೆದ ಹಾಳೆಗಳನ್ನೆಲ್ಲ ಕಟ್ಟಿ ಮಂಚದ ಕೆಳಗೆ ನೂಕಿಬಿಟ್ಟಳು.

ಸೋಮವಾರ ಹೂವಿನವಳು ಎಂದಿನಂತೆ ಹಾರ ಕೊಟ್ಟು ಹೋದಳು. ದಾಕ್ಷಾಯಿಣಿ ರೂಢಿಯ ಮೇಲೆ ಅದನ್ನು ತೆಗೆದುಕೊಂಡು ಫೋಟೋದ ಮುಂದೆ ಬಂದಳು. ಕೈ ಎತ್ತಿದವಳು ಹಾಗೆಯೇ ನಿಂತಳು.

"ಮಂದಾ" ಎಂದು ಕರೆದಳು. ಮಗಳು ಓಡಿ ಬಂದಳು. "ಅವ್ವ ಇರೋತನಕ ಈ ಫೋಟೋಕ್ಕ ಹಾರ ಹಾಕಗೊಡತಿರಲಿಲ್ಲ. ನೆನಪದನೇನು?"

"ಹೂಂ. ನಾ ಸಣ್ಣಾಕಿದ್ದಾಗ ಒಮ್ಮಿ ಮಲ್ಲಿಗಿ ಏರಿಸಿದ್ದಕ್ಕ ಬೆನ್ನಿಗೆ ಗುದ್ದಿದ್ಲು."

"ಅಮಾಸಿ ಇರ್ಲಿ, ದೀಪಾವಳಿ ಇರ್ಲಿ, ಹಾರ ತಂದ್ರ ಕಸಗೊಂಡು ದೇವರಿಗೆ ಹಾಕತಿದ್ಲು. ಗಂಡ ಸತ್ತದ್ದು ಇನ್ನಾ ಒಪ್ಪವಲ್ಲಳು ಅಂತ ಓಣಿ ಮಂದಿ ಎಲ್ಲಾ ಮರಗತಿದ್ರು. ನಾನೂ ಮರಗತಿದ್ದೆ." ದಾಕ್ಷಾಯಿಣಿಯ ಗಂಟಲಲ್ಲಿ ಏನೋ ಗುಳುಗುಳು ಎಂದಿತು. ಅಳುತ್ತಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು. "ಎಲಾ ಇವಳ! ಜೀವಂತ ಇದ್ದಾಕಿ ತನ್ನ ಫೋಟೋಕ್ಕ ಹಾರ ಹೆಂಗ ಹಾಕಿಸ್ಕೊಂತಾಳ?"

ತಾಯಿ ನಕ್ಕಳು, ಮಗಳು ನಕ್ಕಳು, ಒಬ್ಬರನ್ನೊಬ್ಬರು ಹಿಡಿದುಕೊಂಡು ಕಣ್ಣೀರು ಬರುವವರೆಗೂ ನಕ್ಕರು. ಆಮೇಲೆ ದಾಕ್ಷಾಯಿಣಿ ಹಾರವನ್ನು ಫೋಟೋಕ್ಕೆ ಹಾಕಿ ಸರಿಮಾಡಿದಳು. "ಅವ್ವ ಸತ್ತ ಮ್ಯಾಲ ಶುರು ಮಾಡಿದ್ದು. ಗೊತ್ತಿಲ್ಲದನ ಸರಿಯಾಗಿ ಹಾಕೇನಿ" ಎಂದಳು. ಅವತ್ತು ಮಧ್ಯಾಹ್ನ ಇಬ್ಬರೂ ಕೂಡಿ ಹೊಟ್ಟೆತುಂಬ ಉಂಡರು. ಮಂಚದ ಕೆಳಗಿನ ಗಂಟು ಹೊರಗೆ ಬಂತು.

ಇನ್ನು ಮುಖಪುಟದ ಮಾತು. ಮಂದಾಕಿನಿ ನೆಗೆಟಿವಿನ ಅಚ್ಚನ್ನೇ ಹಾಕುತ್ತೇನೆ ಎಂದಳು. ಅದೇ ಸತ್ಯ, ಮೀಸೆ ಬರೆದದ್ದು ಸುಳ್ಳು ಎಂದಳು.

"ಮೀಸಿದ ಹಾಕು" ಎಂದಳು ದಾಕ್ಷಾಯಿಣಿ.

"ಅದು ಖರೇ ಅಲ್ಲಬೇ. ಫೋಟೋದಾಂವ ಬರದದ್ದು."

"ಬರದದ್ದು ಅವ. ಹೇಳಿದಾಕಿ ಯಾರು?" ಮುದುಕಿ ಫೋಟೋವನ್ನು ಗೋಡೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. "ತನ್ನ ಮನಸ್ಸಿಗೆ ಬಂದಂಗ ಬರದಿದ್ರ ಅವ ಹುರಿಮೀಸಿ ಬರೀತಿದ್ದ, ಮ್ಯಾಲ ತಿರುವಿ ಇಡತಿದ್ದ. ಗಿರಾಕಿಗೆ ಚಂದ ಕಾಣಬೇಕಲ್ಲ? ಇಂಥಾ ಜೋಲುಮೀಸಿ ಯಾರರ ಬೇಕಂತ ಬರೀತಾರೇನು? ಹಿಂಗ ಇತ್ತು ಅಂತ ಅವ್ವನ ಹೇಳಿರಬೇಕು. ಮುಖ ಅವ್ವಂದು. ಮೀಸಿ ನಮ್ಮಪ್ಪಂದ."

ಮಂದಾಕಿನಿ ಕನ್ನಡಕ ಸರಿಮಾಡಿಕೊಂಡು ಆ ಮೀಸೆಯ ಮೇಲೆ ಬಗ್ಗಿದಳು. ಹೌದು ಎಂದು ನಾನು ಗೂಟದ ಮೇಲಿಂದ ಕೂಗಿದೆ. ತೀಡಿ ತೀಡಿ ಎತ್ತುತ್ತಿದ್ದ, ಅದು ಮತ್ತೆ ಬೀಳುತ್ತಿತ್ತು, ಅದಕ್ಕೆ ಸಿಟ್ಟಾಗುತ್ತಿದ್ದ ಎಂದು ಕೂಗಿದೆ. ಬಟ್ಟೆಯ ಕೂಗು ಯಾರಿಗೆ ಕೇಳುತ್ತದೆ? ಕೇಳಬೇಕಾಗಿಯೂ ಇರಲಿಲ್ಲ.

"ಕೆಳಗ ಇಬ್ಬರ ಹೆಸರೂ ಬರಿ" ಎಂದಳು ದಾಕ್ಷಾಯಿಣಿ.

ಪುಸ್ತಕ ಬಂತು. ಅಷ್ಟರಲ್ಲಿ ಮುದುಕಿಗೆ ಏನೂ ಕಾಣದಂತಾಗಿತ್ತು. ಮಗಳು ಅವಳ ಬೆರಳು ಹಿಡಿದು ಮುಖಪುಟದ ಮೇಲೆ ಆಡಿಸಿ, ಇದು ಪಟಗ, ಇದು ಮುಖ, ಇಲ್ಲಿ ಮೀಸೆ, ಇಲ್ಲಿ ಹೆಸರು ಎಂದು ತೋರಿಸಿದಳು. ಈಗ ನಾನು ಅವಳ ಕುರ್ಚಿಯ ಬೆನ್ನಿಗೆ ಇರುತ್ತೇನೆ. ಚಳಿಯಾದರೆ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಒಂದೇ ಮೈಯನ್ನು ದಿನವೂ ಕಾಣುವುದು ನನಗೆ ಹೊಸದು. ಆದರೂ ನೆಮ್ಮದಿ ಎಂಬುದು ನನ್ನ ಹಣೆಯಲ್ಲಿ ಬರೆದಿಲ್ಲ. ಎಷ್ಟೋ ಮನೆಗಳ ಗೋಡೆಗಳಲ್ಲಿ ನಾನು ಇನ್ನೂ ಕೂತಿದ್ದೇನೆ. ನನ್ನನ್ನು ತೊಟ್ಟ ಹಮಾಲ ಅಲ್ಲಿ ಜಮೀನ್ದಾರನಾಗಿದ್ದಾನೆ, ನೇಕಾರ ಅಮಲ್ದಾರನಾಗಿದ್ದಾನೆ. ಅವರ ಮೊಮ್ಮಕ್ಕಳು ಇವತ್ತೋ ನಾಳೆಯೋ ಪೆನ್ನು ಹಿಡಿದು ಕೂರುತ್ತಾರೆ. ಕೋಟನ್ನು ನೋಡಿ ಬರೆಯಬೇಡಿರಪ್ಪಾ, ಒಳಗೆ ಕೂತವರು ಯಾರು, ಯಾಕೆ ಕೂತರು ಎಂದು ನಾಲ್ಕು ಜನರನ್ನು ಕೇಳಿ ಬರೆಯಿರಿ ಎಂದು ಹೇಳಲು ನನ್ನ ಜೀವ ಚಡಪಡಿಸುತ್ತದೆ.

ಮನೆಗೆ ಆಗಾಗ ಪುಸ್ತಕ ಕೊಂಡವರ ಫೋನು ಬರುತ್ತದೆ. ಹೆಚ್ಚಿನವರು ಪುಸ್ತಕ ಇನ್ನೂ ಬಿಡಿಸಿರುವುದಿಲ್ಲ. ಮೇಡಮ್, ಮುಖಪುಟದಲ್ಲಿ ಅಚ್ಚಿನ ತಪ್ಪಾಗಿದೆ, ಒಬ್ಬರ ಫೋಟೋದ ಕೆಳಗೆ ಇಬ್ಬರ ಹೆಸರು ಬಿದ್ದಿದೆ ಎನ್ನುತ್ತಾರೆ. ಮಂದಾಕಿನಿ ಬಾಯಿ ತೆರೆಯುವ ಮೊದಲೇ ದಾಕ್ಷಾಯಿಣಿ ದನಿ ಬಂದ ಕಡೆ ಕೈ ಚಾಚಿ ಫೋನು ಇಸಿದುಕೊಳ್ಳುತ್ತಾಳೆ.

"ತಪ್ಪಲ್ರಿ. ನಮ್ಮವ್ವ ನಮ್ಮಪ್ಪ ಕೂಡೇ ತೆಗಿಸಿಕೊಂಡ ಫೋಟೋ ಅದೊಂದ."